ಜಾರುವ ಭುಜ, ಮೇಲಿನ ಸಾಲಿನ ಸೀರೆ

ಕೀಲುಗಳು ತಮ್ಮ ತಮ್ಮ ಜಾಗದಲ್ಲಿರಬೇಕೆಂಬುದು ಶರೀರದ ನಿಯಮ. ನನ್ನ ಬಲಭುಜ ಅದನ್ನು ಒಪ್ಪಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಅದು ತಿಂಗಳಿಗೊಮ್ಮೆಯಾದರೂ ಜಾರುತ್ತಿತ್ತು. ಪ್ರತಿ ಸಲವೂ ಯಾರಿಗಾದರೂ ಉಪಕಾರವಾಗುತ್ತಿತ್ತು. ಹೆಚ್ಚಾಗಿ ನನಗಲ್ಲ.

೧. ಗಿರಾಕಿ

ನಾನು ಗಾಂಧಿ ಚೌಕದ ಸೀರೆ ಅಂಗಡಿಯಲ್ಲಿ ಗುಮಾಸ್ತ. ನಮ್ಮ ಕಡೆಯ ಹೆಣ್ಣುಮಕ್ಕಳು ಕೆಳಗಿನ ಸಾಲಿನ ಸೀರೆಯನ್ನು ನಂಬುವುದಿಲ್ಲ. ಬಬಲೇಶ್ವರದಿಂದ ಬಂದ ಅಕ್ಕ ಒಬ್ಬರು ನಲವತ್ತು ಸೀರೆ ಬಿಚ್ಚಿಸಿ, "ಯಣ್ಣಾ, ಆ ಮ್ಯಾಲಿನ ಸಾಲಿಂದು ತಗೀರಿ" ಎಂದರು. ಕೈ ಎತ್ತಿದೆ. ಭುಜ ಕಳಚಿತು. ಸೀರೆಗಳ ರಾಶಿಯ ಮೇಲೆ ಕುಸಿದೆ.

"ಯವ್ವಾ ಯವ್ವಾ! ಸಾಕ್ರಿ, ಮೊದಲ ತೋರಿಸಿದ್ದನ್ನ ಕಟ್ರಿ!" ಎಂದು, ಚೌಕಾಸಿಯನ್ನೂ ಮಾಡದೆ ಕೊಂಡುಹೋದರು.

ಸಾಹುಕಾರರು ನೀರು ಕುಡಿಸಿ, "ಭಾಳ ನೋವಾತೇನು?" ಎಂದರು. ಆಮೇಲೆ ಮೆಲ್ಲಗೆ, "ಸೋಮವಾರ ಮದುವಿ ಗಿರಾಕಿ ಬರತಾರ. ನೀ ಬರತೀಯಲ್ಲಾ?"

೨. ಪಥ್ಯ

ಹೆಂಡತಿಯೊಡನೆ ತಿಕೋಟಾಕ್ಕೆ ಹೊರಟಿದ್ದೆ. ಬಸ್ಸಿನ ಮೇಲಿನ ಸರಳು ಹಿಡಿದು ನಿಂತಿದ್ದೆ. ಬಸ್ಸು ತಗ್ಗಿಗೆ ಇಳಿಯಿತು, ಭುಜವೂ ಇಳಿಯಿತು. ಕಂಡಕ್ಟರ್ ಬಸ್ಸು ನಿಲ್ಲಿಸಿ, ಪಕ್ಕದ ಹೊಲದಿಂದ ಎತ್ತುಗಳ ಕೀಲು ಕೂರಿಸುವ ಅಜ್ಜನೊಬ್ಬನನ್ನು ಕರೆತಂದ. ಅಜ್ಜ ನನ್ನ ಬಗಲಿಗೆ ಹಿಮ್ಮಡಿ ಕೊಟ್ಟು ಎಳೆದ. ಟಕ್ಕೆಂದು ಕೂತಿತು.

"ಉಪಕಾರ ಆತು ಮುತ್ಯಾ" ಎಂದೆ. ಅವನು ನನ್ನ ಕಡೆ ನೋಡಲಿಲ್ಲ. ರೋಗಿಯೊಡನೆ ಮಾತಾಡಿ ಅವನಿಗೆ ರೂಢಿಯಿಲ್ಲ. ನನ್ನ ಹೆಂಡತಿಗೆ ಹೇಳಿದ: "ತಂಗಿ, ಮೂರು ದಿನ ಹೂಡಬ್ಯಾಡ. ಹಿಂಡಿ ಹಾಕು."

"ಆತ್ರಿ ಮುತ್ಯಾ. ಎರಡೂ ಹೊತ್ತು ಹಾಕ್ಲೇನ್ರಿ?" ಎಂದಳು.

೩. ಪರೀಕ್ಷೆ

ಸೊಲ್ಲಾಪುರದ ಡಾಕ್ಟರು, ಹೀಗೇ ಜಾರುತ್ತಿದ್ದರೆ ಕೈಯೇ ಹೋಗುತ್ತದೆಂದು ಹೇಳಿ ಭುಜ ಕೊಯ್ದು, ಸಡಿಲಾದದ್ದನ್ನು ಬಿಗಿಯಾಗಿ ಹೊಲಿದರು. ಒಂದೂವರೆ ತಿಂಗಳು ಕೈಯನ್ನು ಎದೆಗೆ ಕಟ್ಟಿಟ್ಟರು. ಇನ್ನು ಜಾರುವುದಿಲ್ಲ, ಆದರೆ ಮೊದಲಿನಷ್ಟು ಮೇಲಕ್ಕೂ ಹೋಗಲಿಕ್ಕಿಲ್ಲ ಎಂದರು. ಕೈ ಎತ್ತಲಾರದ, ಭುಜವೂ ಜಾರದ ಗುಮಾಸ್ತ ಸೀರೆ ಅಂಗಡಿಗೆ ಯಾತಕ್ಕೆ? ನೌಕರಿ ಹೋಯಿತೆಂದುಕೊಂಡೇ ಅಂಗಡಿಯ ಮೆಟ್ಟಿಲು ಹತ್ತಿದೆ.

ಅಂದು ತಿಕೋಟಾ ದಾರಿಯಲ್ಲಿ ಕೀಲು ಕೂರಿಸಿದ್ದ ಅದೇ ಅಜ್ಜ ಮೊಮ್ಮಗಳ ಮದುವೆಗೆ ಸೀರೆ ಕೊಳ್ಳಲು ಬಂದಿದ್ದ. ನನ್ನ ಅಂಗಿ ಸರಿಸಿ ಹೊಲಿಗೆ ನೋಡಿದ, ಕೀಲು ಒತ್ತಿದ, ಕೈ ಎತ್ತಿಸಿದ. ಕೈ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಸಾಹುಕಾರರು ಗಲ್ಲಾ ಬಿಟ್ಟು ಎದ್ದು ಬಂದರು. ಅಜ್ಜ ಕಡೆಗೆ ನನ್ನ ಗದ್ದ ಹಿಡಿದು, ಬಾಯಿ ತೆರೆಸಿ ಹಲ್ಲನ್ನೂ ನೋಡಿ ಅವರಿಗೆ ಹೇಳಿದ: "ಕೀಲು ಗಟ್ಟಿ ಆಗೇತ್ರಿ. ವಯಸ್ಸು ಮಾತ್ರ ಆಗೇತಿ. ಮಾರೂದಿದ್ರ ಈಗ ಮಾರ್ರಿ."

ಸಾಹುಕಾರರು ಮೇಲಿನ ಸಾಲು ನೋಡಿದರು, ನನ್ನನ್ನು ನೋಡಿದರು. "ಇಲ್ಲ ಮುತ್ಯಾ, ಇದು ಮನಿ ಎತ್ತು. ಮಾರೂದಿಲ್ಲ. ಒಂದು ಏಣಿ ತರಸ್ತೇನಿ."

ಇಷ್ಟು ವರ್ಷಗಳ ನೌಕರಿಯಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.