ಹೇತುಕಥನ ಹೇಳಿದವರು ಯಾರು?

೧೯೬೦ರ ಆಸುಪಾಸಿನಲ್ಲಿ ಎಲ್ಲರೂ ನಂಬಿದ್ದು ಇಷ್ಟು: ಪಾಠ ಹೇಳುವುದು ಪಳಗಿದವರ ಕೈಕೆಳಗೆ ಕಲಿಯಬೇಕಾದ ವಿದ್ಯೆ, ಬಿ.ಎಡ್. ಆಗದವನಿಗೆ ಅದು ಬರುವುದಿಲ್ಲ. ನನಗೆ ಇತಿಹಾಸದಲ್ಲಿ ಎಂ.ಎ. ಆಗಿತ್ತು. ಸಾಲದು ಎಂದರು. ಹೋದೆ. ಆ ವರ್ಷ ಏನು ಕಲಿತೆನೋ ಗೊತ್ತಿಲ್ಲ. ನಗು ಬರುವಂಥದ್ದು ಮಾತ್ರ ವಾರಕ್ಕೊಂದಾದರೂ ನಡೆಯುತ್ತಿತ್ತು.

ಕಾಲೇಜು ಬಯಲುಸೀಮೆಯಲ್ಲಿ. ಅಭ್ಯಾಸಪಾಠಗಳಿಗೆಂದು ನಮ್ಮ ತಂಡವನ್ನು ಶಿರಸಿ, ಯಲ್ಲಾಪುರ, ಸಿದ್ದಾಪುರದ ಹೈಸ್ಕೂಲುಗಳಿಗೆ ಕಳಿಸಿದರು. ಹಿಂದಿನ ಬೆಂಚಿನಲ್ಲಿ ಕೂತು ಮಾರ್ಕು ಹಾಕಲು ಪ್ರೊಫೆಸರರೊಬ್ಬರು ಜೊತೆಗೆ ಬಂದರು. ನನ್ನ ಕೋಣೆಯಲ್ಲಿ ಉಳಿದವನು ಹೆಗ್ಗರಣೆ ಕಡೆಯ ವಿಜ್ಞಾನದ ಮಾಸ್ತರ. ತರಬೇತಿ ಇಲ್ಲದೆ ಎಂಟು ವರ್ಷ ಪಾಠ ಹೇಳಿದ್ದ. ಈ ವರ್ಷ ಪಾಸಾಗು, ಇಲ್ಲವಾದರೆ ಜೂನಿನಲ್ಲಿ ಬರಬೇಡ ಎಂದು ಶಾಲೆಯವರು ಬರೆದುಕೊಟ್ಟಿದ್ದರು.

"ಪಾಸಾಗದೇ ಇದ್ರೆ ಆನು ಶಾಲೆ ಬಾಗಿಲು ತುಳಿಯದು ಇಲ್ಲೆ, ಮಾರಾಯಾ" ಎನ್ನುತ್ತ ಪಾಠದ ಟಿಪ್ಪಣಿ ಬರೆಯುತ್ತಿದ್ದ.

೧. ಶಿರಸಿ: ಉಪ್ಪು

ನಿಯಮ ಹೀಗಿತ್ತು. ಪಾಠದ ಹೆಸರನ್ನು ಶಿಕ್ಷಕ ಮೊದಲೇ ಹೇಳಕೂಡದು. ಗೊತ್ತಿರುವುದನ್ನು ಕೇಳುತ್ತ ಕೇಳುತ್ತ ಹುಡುಗರ ಬಾಯಿಂದಲೇ ಅದನ್ನು ಹೊರಡಿಸಬೇಕು. ಹೊರಟ ಮೇಲೆ, "ಹಾಗಾದರೆ ಈ ದಿನ ನಾವು ಇಂಥದ್ದನ್ನು ತಿಳಿಯೋಣ" ಎನ್ನಬೇಕು. ಈ ಒಂದು ವಾಕ್ಯಕ್ಕೆ ಹೇತುಕಥನ ಎಂದು ಹೆಸರು.

ನನ್ನ ಪಾಠ ಉಪ್ಪಿನ ಸತ್ಯಾಗ್ರಹ.

"ಬೆಳಿಗ್ಗೆ ಏನು ತಿಂದಿರಿ?"

"ತೆಳ್ಳೇವು, ಸರ್." ಅಂದರೆ ತೆಳುದೋಸೆ.

"ಅದಕ್ಕೆ ಏನು ಹಾಕುತ್ತಾರೆ?"

"ಜೋನಿಬೆಲ್ಲ."

"ಹಿಟ್ಟಿಗೆ?"

"ನೀರು."

ಉಪ್ಪಿನಕಾಯಿಯನ್ನು ಕೇಳುವಂತಿಲ್ಲ, ಹೆಸರು ಅದರಲ್ಲೇ ಇದೆ. "ಮಾವಿನಮಿಡಿಯನ್ನು ಭರಣಿಗೆ ತುಂಬಿ ಏನು ಹಾಕುತ್ತಾರೆ?"

"ಮುಚ್ಚಳ, ಸರ್."

"ಸಮುದ್ರದಿಂದ ಏನು ಬರುತ್ತದೆ?"

"ಮೀನು. ನಮ್ಮನೆಲಿ ತಿನ್ನೂದಿಲ್ಲ, ಸರ್."

ಗಂಟೆ ಹೊಡೆಯಿತು. ಗಾಂಧೀಜಿ ಆಶ್ರಮದಿಂದ ಹೊರಡಲೇ ಇಲ್ಲ. ಪ್ರೊಫೆಸರರು ನನ್ನ ವಹಿಯಲ್ಲಿ ಬರೆದರು: ಪೀಠಿಕೆ ಸಪ್ಪೆ.

೨. ಯಲ್ಲಾಪುರ: ಸಾಗವಾನಿ

ಎರಡನೆಯ ನಿಯಮ, ಉಪಕರಣವಿಲ್ಲದೆ ಪಾಠವಿಲ್ಲ. ಉಪಕರಣವೆಂದರೆ ನಕ್ಷೆ, ಚಿತ್ರ, ಮಾದರಿ, ಹೀಗೆ ಏನಾದರೊಂದು. ಗದಗ ಕಡೆಯಿಂದ ಬಂದ ಭೂಗೋಳದ ಗೆಳೆಯ ಕಾಡಿನ ಸಂಪತ್ತಿನ ಪಾಠಕ್ಕೆ ಸಾಗವಾನಿ ಮರದ ದೊಡ್ಡ ಚಿತ್ರ ಬರೆದು ತಂದ. ಗೋಡೆಯಲ್ಲಿ ಮೊಳೆ ಇರಲಿಲ್ಲ. ಕಿಟಕಿ ಮುಚ್ಚಿ ಅದರ ಚಿಲಕಕ್ಕೆ ತೂಗುಹಾಕಿದ.

"ಈ ಮರ ನೋಡ್ರಿ. ಇದರ ಎಲಿ ಹೆಂಗದ?"

ಹುಡುಗಿಯೊಬ್ಬಳು ಎದ್ದಳು. "ಸರ್, ಇದು ಹಲಸಿಂದು."

"ಅಲ್ಲವ್ವಾ, ಸಾಗವಾನಿ ಇದು."

"ಹಂಗಾರೆ ಕಿಟಕಿ ತೆಗೀರಿ, ಸರ್. ಸಾಗವಾನಿ ಅದರ ಹಿಂದೆ ಇದ್ದು."

ನಿಜ. ಅಂಗಳದ ಮರದ ಕೊಂಬೆ ಕಿಟಕಿಗೆ ತಾಗುವಷ್ಟು ಹತ್ತಿರವಿತ್ತು. ಗೆಳೆಯ ಪ್ರೊಫೆಸರರ ಕಡೆ ನೋಡಿದ. ಅವರು ಬೇಡವೆಂದು ತಲೆ ಆಡಿಸಿದರು. ಆಮೇಲೆ ಅವರನ್ನೇ ಕಾರಣ ಕೇಳಿದೆ. ಮರ ಟಿಪ್ಪಣಿಯಲ್ಲಿ ನಮೂದಾಗಿರಲಿಲ್ಲ.

೩. ಸಿದ್ದಾಪುರ: ಆರ್ಕಿಮಿಡೀಸ್

ಸಿದ್ದಾಪುರದ ಶಾಲೆಯ ಕಪಾಟಿನಲ್ಲಿ ವಿಜ್ಞಾನದ ಉಪಕರಣವೆಂದು ಇದ್ದದ್ದು ಒಂದು ಸ್ಪ್ರಿಂಗ್ ತಕ್ಕಡಿ. ಹಾಗಾಗಿ ವಿಜ್ಞಾನದವರೆಲ್ಲ ಆರ್ಕಿಮಿಡೀಸನ ತತ್ವವನ್ನೇ ಆರಿಸಿಕೊಂಡರು. ಎಲ್ಲರಿಗೂ ಅದೇ ಒಂದು ಕ್ಲಾಸು. ನನ್ನ ಕೋಣೆಯ ಮಾಸ್ತರನ ಸರದಿ ಕೊನೆಯದು. ಅಷ್ಟರಲ್ಲಿ ಹುಡುಗರಿಗೆ ಆ ಪಾಠ ಐದು ಸಲ ಆಗಿತ್ತು.

ಅದು ಅವನ ಪರೀಕ್ಷೆಯ ಪಾಠ. ಬಕೆಟ್ಟಿನ ತುಂಬ ನೀರಿಟ್ಟು, ಗಂಟಲು ಸರಿಮಾಡಿಕೊಂಡು ಮೊದಲ ಪ್ರಶ್ನೆ ಕೇಳಿದ. "ಇವತ್ತು ಯಾರ್ಯಾರು ಸ್ನಾನ ಮಾಡಿ ಬಂದಿದೀರಿ?"

ಇಡೀ ಕ್ಲಾಸು ಒಂದೇ ಸ್ವರದಲ್ಲಿ ಹೇಳಿತು: "ಹಾಗಾದರೆ ಈ ದಿನ ನಾವು ಆರ್ಕಿಮಿಡೀಸನ ತತ್ವವನ್ನು ತಿಳಿಯೋಣ."

ಟಿಪ್ಪಣಿಯ ಮೂರು ಪುಟ ಅಲ್ಲಿಗೆ ಮುಗಿದವು. ಮಾಸ್ತರ ವಹಿ ಮುಚ್ಚಿಟ್ಟ. "ತತ್ವ ನಿಮಗೆ ಬಂತು. ಬಾರದೇ ಇರೋದು ಎಂತ ಉಂಟು, ಅದನ್ನ ಕೇಳಿ" ಎಂದ.

ಹುಡುಗನೊಬ್ಬ ಎದ್ದು ಕೇಳಿದ. "ಮೊಳೆ ಮುಳುಗ್ತದೆ. ಕಬ್ಬಿಣದ ಹಡಗು ಎಂತಕ್ಕೆ ಮುಳುಗೂದಿಲ್ಲ?"

ಅದು ಯಾರ ಟಿಪ್ಪಣಿಯಲ್ಲೂ ಇರಲಿಲ್ಲ. ಮಾಸ್ತರ ಕುಡಿಯುವ ನೀರಿನ ಹಿತ್ತಾಳೆ ತಂಬಿಗೆ ತರಿಸಿ ಬರಿದು ಮಾಡಿ ತೇಲಿಬಿಟ್ಟ. ಒಳಗೆ ಒಂದೊಂದೇ ಹರಳು ಹಾಕಿಸಿದ. ಎಷ್ಟನೆಯದಕ್ಕೆ ಮುಳುಗುತ್ತದೆ ಎಂದು ಹುಡುಗರಲ್ಲಿ ವಾದ ಎದ್ದಿತು. ಬೆಂಚುಗಳು ಖಾಲಿಯಾದವು. ತಂಬಿಗೆ ಮುಳುಗಿದಾಗ ಬಕೆಟ್ಟಿನ ಮೇಲೆ ಬಗ್ಗಿದ ತಲೆಗಳಲ್ಲಿ ಒಂದು ಪ್ರೊಫೆಸರರದು.

ಹೊರಗೆ ಜಗಲಿಯಲ್ಲಿ ಮಾಸ್ತರ ಕಂಬ ಹಿಡಿದು ನಿಂತಿದ್ದ. ಪ್ರೊಫೆಸರರು ಮಾರ್ಕಿನ ನಮೂನೆ ಹಿಡಿದು ಬಂದರು.

"ಹೇತುಕಥನ ಸ್ಪಷ್ಟ ಇತ್ತು. ಯಾರು ಹೇಳಬೇಕು ಅಂತ ಇದರಾಗ ಬರದಿಲ್ಲ. ಪಾಸ್ ಮಾಡೀನಿ, ಹೋಗ್ರಿ."

ಮಾಸ್ತರ ಹೋಗಲಿಲ್ಲ. ಎಂಟು ವರ್ಷ ಪಾಠ ಹೇಳಿದವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. "ಸರ್, ಹುಡುಗರು ಹಿಂಗೆ ಮೊದಲೇ ಹೇಳಿಬಿಟ್ರೆ, ಹೈಸ್ಕೂಲಲ್ಲಿದ್ದಾಗ ನೀವು ಎಂತ ಮಾಡ್ತಿದ್ರಿ?"

"ನಾನಾ?" ಪ್ರೊಫೆಸರರು ಪೆನ್ನಿಗೆ ಟೊಪ್ಪಿಗೆ ಹಾಕಿದರು. "ನಾ ಹೈಸ್ಕೂಲಿನ್ಯಾಗ ಒಂದು ದಿನಾನೂ ಪಾಠ ಮಾಡಿಲ್ರಿ."