ಅಸೂಯೆಯ ಹಾಡುಗಳ ಜಂಟಿ ಅರ್ಪಣೆಯನ್ನು ರದ್ದುಪಡಿಸುವ ಬಗ್ಗೆ

ಪಟ್ಟಣ ರೇಡಿಯೋ, ಮೊರಾವಾ ನದಿ ದಂಡೆ
ಶುಭಾಶಯ ಮತ್ತು ಕೋರಿಕೆ ವಿಭಾಗ

ಸುತ್ತೋಲೆ ಸಂಖ್ಯೆ: ಶು.ಕೋ/27/1987
ದಿನಾಂಕ: 17-9-1987, ಗುರುವಾರ

ವಿಷಯ: ಹತ್ತೊಂಬತ್ತು ವರ್ಷದೊಳಗಿನವರು ಕೋರುವ ಅಸೂಯೆಯ ಪ್ರೇಮಗೀತೆಗಳನ್ನು ಭಾನುವಾರ ಮಧ್ಯಾಹ್ನದ ಕಾರ್ಯಕ್ರಮದಲ್ಲಿ ಪ್ರಸಾರ ಮಾಡುವ ಕುರಿತು.

ಉಲ್ಲೇಖ: 1) ಸೊಸೆಯಂದಿರು ಅತ್ತೆಯಂದಿರಿಗೆ ಅರ್ಪಿಸುವ ಹಾಡುಗಳ ಮೇಲಿನ ನಿರ್ಬಂಧ, 1984.
2) ದಿನಾಂಕ 13-9-1987ರ ಪ್ರಸಾರ, ಸಮಯ 12.52.
3) ದೂರು ಪುಸ್ತಕ, ಪುಟ 41, ನಮೂದು 6 ಮತ್ತು 7.

ಒಬ್ಬರಿಗೇ ಹಲವರು ಒಂದೇ ಹಾಡನ್ನು ಕೋರಿದಾಗ ಹಾಡನ್ನು ಒಮ್ಮೆ ಹಾಕಿ, ಕೋರಿದವರ ಹೆಸರುಗಳನ್ನು ಒಟ್ಟಿಗೆ ಓದುವುದು ಈ ವಿಭಾಗದ ಪದ್ಧತಿ. ಮದುವೆ, ನಾಮಕರಣ, ಸೈನ್ಯಕ್ಕೆ ಬೀಳ್ಕೊಡುಗೆ ಇವುಗಳಲ್ಲಿ ಇದುವರೆಗೆ ಇದರಿಂದ ತೊಂದರೆಯಾಗಿಲ್ಲ.

ದಿನಾಂಕ 22ರ ಮಂಗಳವಾರ ಬೆಳಗಿನ ರೈಲಿನಲ್ಲಿ ಒಂದು ವರ್ಷದ ಸೈನಿಕ ಸೇವೆಗೆ ಹೊರಡಲಿರುವ ಶ್ರೀ ನೆನಾದ್ ಅವರಿಗೆ, ಕೇಶಾಲಂಕಾರ ಶಾಲೆಯ ಕೊನೆಯ ವರ್ಷದ ಕುಮಾರಿ ದುಶಿತ್ಸಾ ಹಾಗೂ ಬೇಕರಿಯವರ ಮಗಳು ಕುಮಾರಿ ರಾದ್ಮಿಲಾ ಪ್ರತ್ಯೇಕವಾಗಿ ಒಂದೇ ಹಾಡನ್ನು ಕೋರಿದ್ದರು. "ಅವಳನ್ನು ನಂಬಬೇಡ" ಎಂಬುದು ಹಾಡಿನ ಸಾರಾಂಶ. ದುಶಿತ್ಸಾ ಅವರ ಪ್ರಕಾರ "ಅವಳು" ಎಂದರೆ ರಾದ್ಮಿಲಾ. ರಾದ್ಮಿಲಾ ಅವರ ಪ್ರಕಾರ ದುಶಿತ್ಸಾ. ಉದ್ಘೋಷಕ ಶ್ರೀ ಮಿಲುಟಿನ್ ಅವರು ಪದ್ಧತಿಯಂತೆ ಇಬ್ಬರ ಹೆಸರನ್ನೂ ಓದಿ, "ಒಮ್ಮನಸ್ಸಿನಿಂದ ಅರ್ಪಿಸುತ್ತಿದ್ದಾರೆ" ಎಂದರು. ಕೋರಿಕೆ ಚೀಟಿಗಳಲ್ಲಿ ಆ ಪದ ಇರಲಿಲ್ಲವೆಂದು ವಿಚಾರಣೆಯಲ್ಲಿ ದೃಢಪಟ್ಟಿದೆ.

ನಮೂದು 6ರಲ್ಲಿ ಕುಮಾರಿ ದುಶಿತ್ಸಾ ಅವರ ಹೇಳಿಕೆ: "ಮಿಲುಟಿನ್ ಮಾಮಾ, ನಾನು ಅವಳ ಜೊತೆ ಒಂದು ಬಾಚಣಿಗೆನೂ ಹಂಚ್ಕೊಳ್ಳಲ್ಲ, ನೀವು ಮನಸ್ಸೇ ಹಂಚಿಬಿಟ್ರಿ. ನಾವಿಬ್ರೂ ಸೇರ್ಕೊಂಡು ಊರೆದುರು ಗೇಲಿ ಮಾಡಿದ್ವಿ ಅಂತ ಅವನು ಮಾತು ಬಿಟ್ಟಿದಾನೆ. ಹಿಂಗೇ ರೈಲು ಹತ್ತಿದ್ರೆ ಒಂದು ವರ್ಷ ಹೋಯ್ತು. ಅಲ್ಲಿಂದ ಕಾಗದ ಬರೀತಾನಾ, ನೀವೇ ಹೇಳಿ."

ನಮೂದು 7ರಲ್ಲಿ ಕುಮಾರಿ ರಾದ್ಮಿಲಾ ಅವರ ಹೇಳಿಕೆ: "ನನ್ನ ಹೆಸರು ಎರಡನೇದಾಗಿ ಯಾಕೆ ಓದಿದ್ರಿ?"

ಮೇಲ್ಕಂಡ ಕಾರಣಗಳಿಂದ ಎಲ್ಲ ಸಿಬ್ಬಂದಿಗೂ ಅರ್ಜಿದಾರರಿಗೂ ಕೆಳಕಂಡಂತೆ ಸೂಚಿಸಲಾಗಿದೆ:

1. ಅಸೂಯೆಯ ಹಾಡುಗಳನ್ನು ಮೂರು ವರ್ಗಗಳಾಗಿ ವಿಂಗಡಿಸತಕ್ಕದ್ದು. (ಅ) ಪ್ರತಿಸ್ಪರ್ಧಿ ಯಾರೆಂದು ತಿಳಿಯದ ಹಾಡು. (ಆ) ಪ್ರತಿಸ್ಪರ್ಧಿಯ ಕೂದಲು, ಕಣ್ಣು ಅಥವಾ ಉಡುಪಿನ ಬಣ್ಣ ಹೇಳುವ ಹಾಡು. (ಇ) ಪ್ರತಿಸ್ಪರ್ಧಿ ಹಿಂದೆ ಗೆಳತಿಯಾಗಿದ್ದ ಹಾಡು. (ಇ) ವರ್ಗದ ಹಾಡುಗಳನ್ನು ಮಧ್ಯಾಹ್ನ ಒಂದು ಗಂಟೆಯ ನಂತರ, ಮನೆಗಳಲ್ಲಿ ಸೂಪಿನ ತಟ್ಟೆಗಳನ್ನು ಎತ್ತಿದ ಮೇಲೆ ಮಾತ್ರ ಪ್ರಸಾರ ಮಾಡತಕ್ಕದ್ದು.

2. ಕೇಶಾಲಂಕಾರ ಶಾಲೆಯ ಕೊನೆಯ ತರಗತಿಯಲ್ಲಿ ಕಳೆದ ಭಾನುವಾರ ಹೊಂಬಣ್ಣದ ಕೂದಲಿನವರು ಹನ್ನೊಂದು ಮಂದಿ ಇದ್ದು, ಅವರಲ್ಲಿ ಆರು ಮಂದಿಗೆ ಅದರ ಹಿಂದಿನ ಶುಕ್ರವಾರದವರೆಗೆ ಆ ಬಣ್ಣ ಇರಲಿಲ್ಲ. ಆದ್ದರಿಂದ (ಆ) ವರ್ಗದ ಅರ್ಜಿಯೊಂದಿಗೆ ಪ್ರತಿಸ್ಪರ್ಧಿಯ ಒಂದು ಎಳೆ ಕೂದಲನ್ನು ಲಗತ್ತಿಸತಕ್ಕದ್ದು. ಎಳೆಯನ್ನು ಪಡೆದ ವಿಧಾನಕ್ಕೆ ವಿಭಾಗ ಹೊಣೆಯಲ್ಲ.

3. ಪ್ರತಿಸ್ಪರ್ಧಿಗಳಿಬ್ಬರು ಒಂದೇ ಹಾಡು ಕೋರಿದಲ್ಲಿ ಅದನ್ನು ಎರಡು ಬಾರಿ ಪ್ರಸಾರ ಮಾಡಿ, ನಡುವೆ ನದಿಗಳ ನೀರಿನ ಮಟ್ಟದ ವರದಿಯನ್ನು ಓದತಕ್ಕದ್ದು. ಅಸೂಯೆ ಸಾಧಾರಣವಾಗಿದ್ದಲ್ಲಿ ಮೊರಾವಾ ಸಾಕು. ತೀವ್ರವಾಗಿದ್ದಲ್ಲಿ ಡ್ಯಾನ್ಯೂಬ್ ನದಿಯನ್ನು ಗಡಿಯಿಂದ ಗಡಿಯವರೆಗೆ ಓದುವುದು.

4. ಹಾಡಿನಿಂದ ನೊಂದ ಪ್ರತಿಸ್ಪರ್ಧಿಗೆ ಏಳು ದಿನಗಳೊಳಗೆ ಹಾಡಿನಲ್ಲೇ ಉತ್ತರಿಸುವ ಹಕ್ಕಿದೆ. ಉತ್ತರಕ್ಕೆ ಪ್ರತ್ಯುತ್ತರ ಬಂದಲ್ಲಿ, ಮಾತಿಲ್ಲದ ಕಹಳೆ ವಾದ್ಯವನ್ನು ನಾಲ್ಕು ನಿಮಿಷ ನುಡಿಸಿ, ಇಬ್ಬರಿಗೂ ತಕ್ಕ ಉತ್ತರ ಸಿಕ್ಕಿದೆಯೆಂದು ಪರಿಗಣಿಸಲಾಗುವುದು.

5. ಉದ್ಘೋಷಕರು ಚೀಟಿಯಲ್ಲಿಲ್ಲದ ಪದವನ್ನು ಸೇರಿಸುವುದನ್ನು ನಿಷೇಧಿಸಲಾಗಿದೆ. ನಿಟ್ಟುಸಿರನ್ನೂ ಪದವೆಂದೇ ಎಣಿಸಲಾಗುವುದು.

6. ಹಾಡು ಯಾರಿಗಾಗಿಯೋ ಆ ಯುವಕನ ಮನೆಯವರಿಗೆ ವಿಭಾಗವು ಸಲಹೆ ನೀಡತಕ್ಕದ್ದಲ್ಲ. ಶ್ರೀ ನೆನಾದ್ ಅವರ ತಾಯಿ ಸೋಮವಾರ ದೂರವಾಣಿಯಲ್ಲಿ ಕೇಳಿದ "ಇಬ್ಬರಲ್ಲಿ ಯಾರು ವಾಸಿ, ನೋಡಿದೀರಲ್ಲ, ಹೇಳಿ" ಎಂಬ ಪ್ರಶ್ನೆಯನ್ನು ಉತ್ತರಿಸದೆ ಮುಕ್ತಾಯಗೊಳಿಸಲಾಗಿದೆ.

7. ಆಗಿರುವ ಲೋಪದ ಪರಿಹಾರಾರ್ಥ, ದಿನಾಂಕ 20ರ ಭಾನುವಾರ 12.40ಕ್ಕೆ ಕುಮಾರಿ ದುಶಿತ್ಸಾ ಅವರ ಕೋರಿಕೆಯನ್ನು ಬೇರೆ ಯಾರ ಹೆಸರೂ ಸೇರದಂತೆ ಪ್ರಸಾರ ಮಾಡಲಾಗುವುದು. ಇದೇ ಅವಕಾಶವನ್ನು ಕುಮಾರಿ ರಾದ್ಮಿಲಾ ಅವರಿಗೂ ನೀಡಲಾಗಿತ್ತು. "ಅವನ ಹತ್ರ ತಪ್ಪಾಯ್ತು ಅಂತ ಹೇಳ್ಕೊಂಡು ಹೋಗೋ ಜಾತಿ ನಾನಲ್ಲ" ಎಂದು ಅವರು ಲಿಖಿತವಾಗಿ ನಿರಾಕರಿಸಿದ್ದಾರೆ. ಕುಮಾರಿ ದುಶಿತ್ಸಾ ಅವರು ಈ ಬಾರಿ ಪ್ರತಿಸ್ಪರ್ಧಿಯೇ ಇಲ್ಲದ ಪ್ರೇಮಗೀತೆಯನ್ನು ಕೋರಿದ್ದು, ವಿಭಾಗದ 212 ಪ್ರೇಮಗೀತೆಗಳ ಧ್ವನಿಮುದ್ರಿಕೆಗಳನ್ನು ಪರಿಶೀಲಿಸಲಾಗಿ ಅಂಥವು ನಾಲ್ಕು ದೊರೆತಿವೆ. ಅವುಗಳಲ್ಲಿ ಒಂದಕ್ಕೆ ಗೀರು ಬಿದ್ದಿದೆ.

8. ಕುಮಾರಿ ದುಶಿತ್ಸಾ ಅವರ ಈ ಅರ್ಜಿ ನಮೂನೆಯ ಒಂಬತ್ತನೇ ಕಲಂನಲ್ಲಿ, "ಅಸೂಯೆ ಈಗಲೂ ಮುಂದುವರಿದಿದೆಯೇ?" ಎಂಬುದರ ಎದುರು ಅರ್ಜಿದಾರರು ಹೀಗೆ ಬರೆದಿದ್ದಾರೆ: "ಇಲ್ಲ ಅಂದ್ರೆ ಅವನಿಗೆ ಬೇಜಾರು. ಹೌದು ಅಂದ್ರೆ ಅವಳಿಗೆ ಖುಷಿ. ಖಾಲಿ ಬಿಟ್ಟಿದೀನಿ ಅಂದ್ಕೊಳ್ಳಿ." ಕಲಂ ಖಾಲಿ ಇದೆಯೆಂದು ಪರಿಗಣಿಸಿ ಅರ್ಜಿಯನ್ನು ಅಂಗೀಕರಿಸಲಾಗಿದೆ.

ಈ ಸುತ್ತೋಲೆ ತಕ್ಷಣದಿಂದ ಜಾರಿಗೆ ಬರುತ್ತದೆ.

ಸಹಿ/-
ಮುಖ್ಯಸ್ಥರು, ಶುಭಾಶಯ ಮತ್ತು ಕೋರಿಕೆ ವಿಭಾಗ

ಪ್ರತಿಗಳು:
1. ಶ್ರೀ ಮಿಲುಟಿನ್, ಉದ್ಘೋಷಕರು: ನಿಟ್ಟುಸಿರಿಲ್ಲದೆ ಓದಿ ಸಹಿ ಮಾಡಲು.
2. ಕುಮಾರಿ ರಾದ್ಮಿಲಾ, ಬೇಕರಿ: ಮಾಹಿತಿಗಾಗಿ ಮಾತ್ರ, ಕ್ರಮಕ್ಕಾಗಿ ಅಲ್ಲ.
3. ರೈಲು ನಿಲ್ದಾಣದ ಅಧಿಕಾರಿಗಳು: ಯಾರು ಕೇಳಿಕೊಂಡರೂ ಮಂಗಳವಾರದ ರೈಲನ್ನು ತಡೆಯದಿರಲು.
4. ಶ್ರೀ ನೆನಾದ್ ಅವರ ತಾಯಿ: ಭಾನುವಾರ 12.40ಕ್ಕೆ ಮಗನನ್ನು ರೇಡಿಯೋ ಮುಂದೆ ಹಾಜರುಪಡಿಸಲು.
5. ಶ್ರೀ ನೆನಾದ್: ಹಾಡು ಕೇಳಿದ್ದಕ್ಕೆ ಸ್ವೀಕೃತಿಯನ್ನು ಈ ಕಚೇರಿಗೆ ಕಳುಹಿಸುವ ಅಗತ್ಯವಿಲ್ಲ. ರೈಲು ಹೊರಡುವುದರೊಳಗೆ ಅರ್ಜಿದಾರರಿಗೆ ಖುದ್ದಾಗಿ ಸಲ್ಲಿಸತಕ್ಕದ್ದು.