ವೈರಿಲ್ಲದ ಡ್ರಿಲ್ಲು, ಸೌಟಿನ ಮೊಳೆ

“ಇವತ್ತಿನಿಂದ ಈ ಮನಿಯೊಳಗ ಸುತ್ತಿಗಿ ಸಪ್ಪಳ ಬಂದ್!” ಎಂದು ಅಂದಪ್ಪ ಪಡಸಾಲೆಯ ನಡುವೆ ನಿಂತು ಸಾರಿದ. ಬಲಗೈಯಲ್ಲಿ ಹಳದಿ ಬಣ್ಣದ ಡ್ರಿಲ್ಲು. ಸಿನೆಮಾದ ಫೌಜದಾರ ಪಿಸ್ತೂಲು ಹಿಡಿದ ಹಾಗೆ ಹಿಡಿದಿದ್ದ. “ನೋಡು, ವೈರಿಲ್ಲ! ಕರೆಂಟ್ ಇರಲಿ, ಹೋಗಲಿ, ಇದಕ್ಕ ಸಂಬಂಧನ ಇಲ್ಲ. ಕಲ್ಲೊಳಗ ಹೊಕ್ಕರ ಹಸಿ ಮಣ್ಣಾಗ ಬೆರಳು ಹೊಕ್ಕಂಗ!”

ಒಲೆಯ ಮುಂದಿದ್ದ ಹೆಂಡತಿ ಗುರುಲಿಂಗವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: “ಹಂಗಾರ ಅಪ್ಪನ ಫೋಟೋ ಹಾಕ್ರಿ ಮತ್ತ.”

“ಈಗ ಅಲ್ಲ. ಇದರ ಬ್ಯಾಟರಿ ಸತ್ತೈತಿ.”

ರೊಟ್ಟಿಯ ಸಪ್ಪಳ ನಿಂತಿತು.

ಅದು ಎಂಬತ್ತಾರನೆಯ ಇಸವಿಯ ಬೇಸಿಗೆ. ಡ್ರಿಲ್ಲು ಪಕ್ಕದ ಮನೆಯ ಜಾಫರಸಾಬನದು. ಕುವೈತಿನಲ್ಲಿ ಬಡಗಿ ಕೆಲಸಕ್ಕಿದ್ದವನು ರಜೆಗೆ ಬಾದಾಮಿಗೆ ಬರುವಾಗ ತಂದಿದ್ದ. “ಚಾರ್ಜ್ ಹಿಡಿಯೂದಿಲ್ರಿ ಅಣ್ಣಾರ, ಒಗದ ಬಿಡ್ರಿ,” ಎಂದಿದ್ದ. ಒಗೆಯುವ ಮಾತನ್ನು ಅಂದಪ್ಪನ ಮುಂದೆ ಆಡಬಾರದಿತ್ತು. ಅವನು ಇರುವ ತನಕ ನಮ್ಮ ಓಣಿಯಲ್ಲಿ ಯಾವ ವಸ್ತುವೂ ನೆಮ್ಮದಿಯಾಗಿ ಸತ್ತದ್ದಿಲ್ಲ. ನಿಂತ ಗಡಿಯಾರ, ಮುರಿದ ಕೊಡೆ, ಉಸಿರು ಕಟ್ಟಿದ ಸ್ಟೋವು, ಎಲ್ಲವನ್ನೂ ಎಬ್ಬಿಸಿ ಕೂರಿಸಿ ಇನ್ನಷ್ಟು ದಿನ ನರಳಿಸುತ್ತಿದ್ದ. ಅದರ ಮೇಲೆ, ಅವನಿದ್ದ ನೀರಾವರಿ ಕಚೇರಿಯ ಹೆಡ್ ಕ್ಲಾರ್ಕ್ ರಜೆ ಹಾಕಿದ್ದರಿಂದ ಆ ತಿಂಗಳು ಇವನೇ ಇನ್‌ಚಾರ್ಜ್!

“ಆಫೀಸಿನ್ಯಾಗ ಚಾರ್ಜ್ ತಗೊಂಡದ್ದು ಸಾಲಲಿಲ್ಲ, ಈಗ ಇದಕ್ಕ ಚಾರ್ಜ್ ಕೊಡಾಕ ಹೊಂಟಾರ!” ಎಂದಳು ಗುರುಲಿಂಗವ್ವ.

ಅವಳ ಸಂಕಟ ಬೇರೆಯೇ ಇತ್ತು. ತೀರಿಹೋದ ಅಪ್ಪನ ಫೋಟೋ, ಕಟ್ಟು ಹಾಕಿಸಿ ತಂದದ್ದು, ಜೋಳದ ಚೀಲದ ಹಿಂದೆ ಹಳೆಯ ಸೀರೆ ಸುತ್ತಿಕೊಂಡು ವರ್ಷದಿಂದ ಮಲಗಿತ್ತು. ಪಡಸಾಲೆಯ ಗೋಡೆ ನಮ್ಮೂರ ಕೆಂಪು ಕಲ್ಲಿನದು. ಅಂದಪ್ಪ ಬಡಿದ ಮೊಳೆಗಳೆಲ್ಲ ಆ ಕಲ್ಲಿಗೆ ಬಾಗಿ ನಮಸ್ಕಾರ ಮಾಡಿ ಕೆಳಗೆ ಬಿದ್ದಿದ್ದವು. ಕಲ್ಲಿನ ಸಂದಿಗೆ ಗೂಟ ಬಡಿದಿದ್ದರೆ ನಿಲ್ಲುತ್ತಿತ್ತು. ಆದರೆ ಮಾವನ ಫೋಟೋ ಬಾಗಿಲಿಗೆ ಎದುರಾಗಿ, ಗೋಡೆಯ ನಟ್ಟನಡುವೆಯೇ ಬರಬೇಕೆಂದು ಅಳಿಯನ ಹಟ. ಈ ನಡುವೆ ಹುನಗುಂದದ ತವರಿಗೆ ಹೋಗಿದ್ದ ಗುರುಲಿಂಗವ್ವ, ಅವ್ವ ಕೇಳಿದ್ದಕ್ಕೆ, “ಹಾಕೀವಿ ಬೇ, ಬಾಗಲಾ ತಗದ್ರ ಅಪ್ಪನ ಮಾರೀನ ಕಾಣತೈತಿ,” ಎಂದುಬಿಟ್ಟಿದ್ದಳು. ಆ ಅವ್ವ, ಸಿದ್ದವ್ವ, ನಾಳೆ ಮಧ್ಯಾಹ್ನದ ಬಸ್ಸಿಗೆ ಬರುವವಳಿದ್ದಳು!

“ನಾ ಅವ್ವನ ಮುಂದ ಸುಳಬುರಕಿ ಆದ್ನೆಂದ್ರ ನಿಮ್ಮ ಜೋಡಿ ಮಾತಾಡೂದಿಲ್ಲ, ನೋಡ್ರಿ.”

“ನಾಳೆ ಮಧ್ಯಾಹ್ನ ಅಲ್ಲೇನು? ಅಷ್ಟೊತ್ತಿಗೆ ಈ ಗ್ವಾಡಿಗೆ ಊರ ಮಂದೀ ಫೋಟೋ ಹಾಕತೇನಿ!”

ರೇಡಿಯೋದ ಸೆಲ್ಲು ಸತ್ತರೆ ಬಿಸಿಲಿಗಿಟ್ಟು ಎಬ್ಬಿಸುವುದು ಆಗ ಎಲ್ಲರಿಗೂ ಗೊತ್ತಿದ್ದ ವೈದ್ಯ. ಕುವೈತಿನ ಸೆಲ್ಲಿಗೆ ನಮ್ಮೂರ ಸೂರ್ಯ ಬೇರೆಯೇ? ಅಂದಪ್ಪ ಬ್ಯಾಟರಿಯ ಡಬ್ಬಿ ಬಿಚ್ಚಿದ. ಒಳಗೆ ಆರು ಗಿಡ್ಡ ಸೆಲ್ಲುಗಳು ಒಂದೇ ಕಂಬಳಿ ಹೊದ್ದ ಅಣ್ಣತಮ್ಮಂದಿರಂತೆ ಒತ್ತಿ ಮಲಗಿದ್ದವು. ಅವನ್ನು ಬಿಡಿಸಿ, ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ್ದ ಸೀರೆಯ ಅಂಚಿಗೆ ಸಾಲಾಗಿ ಇಟ್ಟ.

“ನನ್ನ ಸಂಡಗಿ ಬಾಜೂಕ ಏನ್ರಿ ಇವು?”

“ಕುವೈತ್ ಸಂಡಗಿ!”

“ಕರದು ನಿಮಗ ಬಡಸ್ತೇನಿ, ತಡೀರಿ.”

ಬಾದಾಮಿಯಲ್ಲಿ ಮಾಳಿಗೆಯ ಮೇಲೆ ಏನನ್ನಾದರೂ ಇಟ್ಟು ಕೆಳಗಿಳಿಯುವವರು ಎರಡೇ ಜಾತಿ: ಪರವೂರಿನವರು, ಮತ್ತು ಅಂದಪ್ಪ. ಅವನು ಒಂದು ಲೋಟ ಚಹಾ ಕುಡಿದು ಬರುವಷ್ಟರಲ್ಲಿ ಗುಡ್ಡದ ಮಂಗಗಳ ಬಳಗ ಸಂಡಿಗೆಯ ಊಟಕ್ಕೆ ಪಂಕ್ತಿ ಹಾಕಿತ್ತು. ಎಲ್ಲಕ್ಕಿಂತ ಹಿರಿಯ ಮಂಗ ಒಂದು ಸೆಲ್ಲನ್ನು ದವಡೆಗಿಟ್ಟು ಕಡಿಯಿತು. ಇಷ್ಟು ವರ್ಷ ಸಂಡಿಗೆ ತಿಂದಿದ್ದೇನೆ, ಇಂಥ ಕೈರುಚಿ ಕಂಡಿಲ್ಲ ಎನ್ನುವ ಹಾಗೆ ಅಂದಪ್ಪನ ಮುಖ ನೋಡಿತು. ಆಮೇಲೆ ಅದನ್ನು ಬೀಸಿ ಮನೆಯ ಹಿಂದಿನ ಹೊಂಡಕ್ಕೆ ಒಗೆಯಿತು. ಮಿಕ್ಕವೂ ಹಿರಿಯರು ಮಾಡಿದ್ದನ್ನೇ ಮಾಡಿದವು. ಆರೂ ಸೆಲ್ಲಿಗೆ ಜಲಸಮಾಧಿಯಾಯಿತು! ಸಂಡಿಗೆಯೂ ಮುಗಿದಿತ್ತು.

“ಹೋಗ್ಲಿ ಬಿಡು,” ಎಂದ ಅಂದಪ್ಪ, “ಆತ್ಮ ಹೋದ್ರೇನಾತು, ದೇಹ ಐತಿ.” ದೇಹವೆಂದರೆ ಖಾಲಿ ಡಬ್ಬಿ. ಅದರಲ್ಲಿ ಬೇರೆ ಆತ್ಮ ತುಂಬಲು ಮನೆಯ ರೇಡಿಯೋದಿಂದ ನಾಲ್ಕು ಸೆಲ್ಲು ಕಿತ್ತ. ಧಾರವಾಡ ಸ್ಟೇಶನ್ನಿನವರು ಮಾತಿನ ನಡುವೆಯೇ ಮೂಕರಾದರು. ಟಾರ್ಚಿನಿಂದ ಎರಡು ಕಿತ್ತ. ಟಾರ್ಚನ್ನೂ ಬ್ಯಾಟ್ರಿ ಎಂದೇ ಕರೆಯುವ ಊರು ನಮ್ಮದು. “ಇದ್ದ ಒಂದು ಬ್ಯಾಟ್ರೀನೂ ಕುರುಡು ಮಾಡಿದ್ರ್ಯಾ?” ಎಂದು ಗುರುಲಿಂಗವ್ವ ಕೂಗಿದ್ದು ಓಣಿಗೆಲ್ಲ ಕೇಳಿಸಿತು. ಈ ಸೆಲ್ಲುಗಳು ದಪ್ಪ, ಡಬ್ಬಿಯ ಬಾಯಿ ಮುಚ್ಚಲಿಲ್ಲ. ಅಂದಪ್ಪ ಒಂದು ಲಾಡಿ ತಂದು ಬಿಗಿದ. ಅದು ಯಾವುದರ ಲಾಡಿ ಎಂಬುದು ಗುರುಲಿಂಗವ್ವನಿಗೆ ಮರುದಿನ ಸ್ನಾನವಾದ ಮೇಲೆ ತಿಳಿಯಿತು.

ಗುಂಡಿ ಒತ್ತಿದ. ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಮುದುಕನಂತೆ ಡ್ರಿಲ್ಲು ಒಂದು ಸಲ “ಗುರ್ರ್” ಎಂದು ಹೊರಳಿ ಮತ್ತೆ ಮಲಗಿತು.

ಬೆಳಿಗ್ಗೆ ಅಂದಪ್ಪನಿಗೆ ಜ್ಞಾನೋದಯವಾಯಿತು. ಗೆಳೆಯ ದುರ್ಗಪ್ಪನ ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ದುರ್ಗಪ್ಪ ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದ.

“ದುರ್ಗಪ್ಪಾ, ನಿನ್ನ ಬ್ಯಾಟ್ರಿ ಒಯ್ಯಲೇನೋ?”

“ಒಯ್ಯೋ ಮಾರಾಯಾ! ನಿಮ್ಮದು ಕುರುಡಾತಂತಲ್ಲ, ನಿನ್ನೆನ ಕೇಳೇನಿ. ನಾ ಏನ್ ಕತ್ತಲಾಗ ತಿರಗಾಡಾಂವಲ್ಲ!”

ಇನ್‌ಚಾರ್ಜ್ ಆದವರು ಪೂರ್ತಿ ಮಾತು ಕೇಳಿಸಿಕೊಳ್ಳುವುದಿಲ್ಲ. “ಒಯ್ಯಿ” ಎನ್ನುವುದು ಸಾಕಾಯಿತು. ಪಾನಾ ಹಾಕಿ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ, ಹಸುಗೂಸಿನಂತೆ ಎದೆಗವಚಿಕೊಂಡು ಬಂದ.

ಆ ಭಾರವನ್ನು ಹೊರಗಿನ ಕಟ್ಟೆಯ ಮೇಲಿಟ್ಟು, ಕಿಟಕಿಯೊಳಗಿಂದ ಎರಡು ಉದ್ದನೆಯ ವೈರು ಎಳೆದು, ಪಡಸಾಲೆ ದಾಟಿಸಿ ಡ್ರಿಲ್ಲಿನ ಬುಡಕ್ಕೆ ಕಟ್ಟುವಷ್ಟರಲ್ಲಿ ಮಧ್ಯಾಹ್ನವಾಯಿತು. ಗುರುಲಿಂಗವ್ವ ಎರಡು ಸಲ ಎಡವಿದಳು.

“ವೈರಿಲ್ಲದ ಮಷೀನಿಗೆ ಇಷ್ಟ ವೈರಾ? ಇದ್ದಿದ್ರ ಎಷ್ಟ ಇರತಿತ್ತೋ!”

“ಸುಮ್ನಿರು. ಸ್ಟೂಲ್ ಹಿಡಿ.”

ಗುಂಡಿ ಒತ್ತಿದ. ಡ್ರಿಲ್ಲು ಹುಲಿಯಂತೆ ಗರ್ಜಿಸಿತು! ಕೆಂಪು ಧೂಳು ಹಾರಿತು. ಅಂದಪ್ಪನ ಮೀಸೆ ಕೆಂಪಾಯಿತು, ಹಲ್ಲು ಕೆಂಪಾಯಿತು. ಕಲ್ಲು ನಿಜಕ್ಕೂ ಕರಗುತ್ತಿತ್ತು. “ಹೊಕ್ಕತು! ಹೊಕ್ಕತು!” ಎಂದು ಅವನು ಕೂಗುತ್ತಿದ್ದಂತೆ ಅದು ಹೊಕ್ಕಿತು, ಹೊಕ್ಕೇಬಿಟ್ಟಿತು, ಆಚೆಗೂ ಹೋಯಿತು. ಗೋಡೆಯ ನಟ್ಟನಡುವೆ ಅಳೆದವನಿಗೆ ಆ ಗೋಡೆಯ ಹಿಂದೆ ಅಡುಗೆಮನೆಯ ಮಾಡ, ಸಾಮಾನಿಡುವ ಗೋಡೆಗೂಡು, ಇದೆಯೆಂದು ನೆನಪಾಗಲಿಲ್ಲ. ಮಾಡದ ಬೆನ್ನಿಗಿದ್ದದ್ದು ತೆಳ್ಳನೆಯ ಒಂದು ಹಾಸುಗಲ್ಲು. ಮಂಗಗಳಿಗೆ ಸಿಗದಿರಲೆಂದು ಗುರುಲಿಂಗವ್ವ ಆ ಮಾಡದೊಳಗೆ ಒತ್ತಿ ಇಟ್ಟದ್ದು ಮಜ್ಜಿಗೆಯ ಗಡಿಗೆ.

ಒಳಗೆ “ಠಪ್” ಎಂದಿತು. ಅಂದಪ್ಪ ಡ್ರಿಲ್ಲನ್ನು ಹಿಂದೆಳೆದ. ಕೆಂಪು ಗೋಡೆಯಿಂದ ಬೆಳ್ಳಗೆ ಮಜ್ಜಿಗೆ ಇಳಿಯತೊಡಗಿತು!

“ಅಯ್ಯ ನನ್ನ ಮಜ್ಜಿಗಿ! ಆರಸ್ರಿ ಅದನ್ನ!”

“ಆರವಲ್ದು! ಗುಂಡಿ ಒಳಗ ಸಿಕ್ಕೊಂಡೈತಿ!”

ಗಾಬರಿಯಲ್ಲಿ ಕೈ ಕೆಳಗಿಳಿಯಿತು. ತಿರುಗುತ್ತಿದ್ದ ಡ್ರಿಲ್ಲು ಲುಂಗಿಯ ಅಂಚು ಹಿಡಿಯಿತು. ಇಳಕಲ್ಲಿನ ಯಾವ ರಾಟಿಯೂ ನೂಲನ್ನು ಅಷ್ಟು ಚೊಕ್ಕಟವಾಗಿ ಸುತ್ತಿದ್ದಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಲುಂಗಿ ಪೂರ್ತಿ ಡ್ರಿಲ್ಲಿನ ಮೇಲಿತ್ತು, ಅಂದಪ್ಪ ಪಟ್ಟಾಪಟ್ಟಿ ಚಡ್ಡಿಯಲ್ಲಿ ಸ್ಟೂಲಿನ ಮೇಲಿದ್ದ, ಮತ್ತು ಬಾಗಿಲಲ್ಲಿ, ಕೈಯಲ್ಲೊಂದು ಗಂಟು ಹಿಡಿದುಕೊಂಡು, ಅತ್ತೆ ಸಿದ್ದವ್ವ ನಿಂತಿದ್ದಳು.

ಅದೇ ಹೊತ್ತಿಗೆ ಕಟ್ಟೆಯ ಮೇಲಿಂದ ಗುಡುಗು ಬಂತು. “ಲೇ ಅಂದ್ಯಾ! ನೀ ಕೇಳಿದ್ದು ಈ ಬ್ಯಾಟ್ರೀನೇನೋ? ನಾ ಕೈ ಬ್ಯಾಟ್ರಿ ಅಂತ ತಿಳಕೊಂಡ್ನೆಲ್ಲೋ! ಟ್ರೇಲರ್ ತುಂಬ ಶೇಂಗಾ ಹೇರಿ ಕೀಲಿ ತಿರುವಿದ್ರ ಟಕ್ ಅನ್ನವಲ್ದು!” ದುರ್ಗಪ್ಪ ವೈರು ಕಿತ್ತ. ಡ್ರಿಲ್ಲು ಸುಮ್ಮನಾಯಿತು. ತನ್ನ ಕೈಯೊಳಗಿನ ಕೆಲಸವನ್ನು ಬೇರೊಬ್ಬರು ನಿಲ್ಲಿಸಿದ್ದಕ್ಕೆ ಅಂದಪ್ಪ ಸಂತೋಷಪಟ್ಟದ್ದು ಜೀವನದಲ್ಲಿ ಅದೊಂದೇ ಸಲ.

ಸಿದ್ದವ್ವ ಗೋಡೆ ನೋಡಿದಳು. “ಇದೇನ ಬೇ ಗುರ್ಲಿಂಗೀ, ನಿಮ್ಮ ಗ್ವಾಡಿ ಹಾಲು ಹಿಂಡತೈತೇನು? ಅಲ್ಲಾ, ನಿಮ್ಮಪ್ಪನ ಫೋಟೋ ಎಲ್ಲೈತಿ? ಹಾಕೀವಿ ಅಂದಿದ್ದಿ?”

ಗುರುಲಿಂಗವ್ವನ ಮುಖ ಮಜ್ಜಿಗೆಗಿಂತ ಬಿಳುಪಾಯಿತು. ಸೆರಗನ್ನು ಬೆರಳಿಗೆ ಸುತ್ತುತ್ತ ನೆಲ ನೋಡಿದಳು. ಆಗ ಸ್ಟೂಲಿನ ಮೇಲಿಂದ ಅಂದಪ್ಪ, ಡ್ರಿಲ್ಲು ಮತ್ತು ಲುಂಗಿಯ ಉಂಡೆಯನ್ನು ಮುಂದೆ ಅಡ್ಡ ಹಿಡಿದುಕೊಂಡು, ಗಂಭೀರವಾಗಿ ಹೇಳಿದ:

“ಇಲ್ಲೇ ಇತ್ರಿ ಅತ್ತಿ. ಅಕಿ ಹಾಕಿಸಿದ್ಲು. ಭಾಳ ಸೊಟ್ಟ ಇತ್ತಂತ ನಾನ ನಿನ್ನೆ ಇಳಿಸೇನಿ.”

ಸಿದ್ದವ್ವ ಹೊಸ ತೂತು ನೋಡಿದಳು. ನೆಲದ ಧೂಳು ನೋಡಿದಳು. ಮಗಳ ಮುಖ ನೋಡಿದಳು. ಕೊನೆಗೆ ಅಳಿಯನ ಚಡ್ಡಿ ನೋಡಿ, “ಹೌದಪಾ,” ಎಂದಳು, “ಸೊಟ್ಟ ಇದ್ದದ್ದು ಖರೆ. ಆದ್ರ ಫೋಟೋ ಅಲ್ಲ.”

ಅಡುಗೆಮನೆಗೆ ಹೋದಳು. ಸಾರಿನ ಉದ್ದನೆಯ ಕಬ್ಬಿಣದ ಸೌಟು ತೆಗೆದುಕೊಂಡು, ಅದರ ಹಿಡಿಯನ್ನು ಮಾಡದ ಕಡೆಯಿಂದ ತೂತಿಗೆ ತೂರಿಸಿದಳು. ಪಡಸಾಲೆಯಲ್ಲಿ ಗೇಣುದ್ದ ಹೊರಬಂತು. ಫೋಟೋ ತಂದು ಅದಕ್ಕೆ ತೂಗುಹಾಕಿದಳು. ಬಾಗಿಲಿಗೆ ಎದುರು, ಗೋಡೆಯ ನಟ್ಟನಡುವೆ!

“ಮಜ್ಜಿಗಿ ಅಂದ್ರ ಜೀವ ಬಿಡತಿದ್ರು,” ಎಂದು ಗಂಡನ ಫೋಟೋದ ಗಾಜು ಸೆರಗಿನಿಂದ ಒರೆಸಿದಳು.

ಬ್ಯಾಟರಿ ಹೊತ್ತು ಹೊರಟ ದುರ್ಗಪ್ಪ ಕಿಟಕಿಯಿಂದ ಇಣುಕಿದ. “ನೋಡಲೇ, ವೈರಿಲ್ಲದ ಮಷೀನು ಅಂದ್ರ ಇದು!”

ಮನೆಯಲ್ಲಿದ್ದ ಉದ್ದನೆಯ ಸೌಟು ಅದೊಂದೇ. ಹೀಗಾಗಿ ಅಂದಿನಿಂದ ದಿನಾ ಊಟದ ಹೊತ್ತಿಗೆ ಅಡುಗೆಮನೆಯಿಂದ, “ರೀ, ಅಪ್ಪನ್ನ ಹಿಡೀರಿ!” ಎಂಬ ಕೂಗು ಬರುತ್ತಿತ್ತು. ಅಂದಪ್ಪ ಎಲ್ಲಿದ್ದರೂ ಓಡಿ ಬಂದು, ಮಾವನನ್ನು ಎದೆಗವಚಿಕೊಂಡು ನಿಲ್ಲುತ್ತಿದ್ದ. ಬಡಿಸಿ ಮುಗಿದು ಸೌಟು ತೊಳೆದು ಮತ್ತೆ ತೂರಿಸಿದ ಮೇಲೆಯೇ ಅವನ ಊಟ. “ಇನ್ನೊಂದು ಸೌಟು ತರಬಾರದೇನಪಾ?” ಎಂದರೆ, “ಇದ್ದದ್ದು ನಡದೈತಲ್ಲ!” ಎನ್ನುತ್ತಿದ್ದ.

ಹೋದ ಚಳಿಗಾಲದಲ್ಲಿ ಅಂದಪ್ಪ ತೀರಿಕೊಂಡ. ಅವನ ಫೋಟೋ ಕಟ್ಟು ಹಾಕಿಸಿಕೊಂಡು ಬಂದ ದಿನ ಮನೆಯಲ್ಲಿ ಗುರುಲಿಂಗವ್ವ, ದುರ್ಗಪ್ಪ, ಜಾಫರಸಾಬ, ಇದೇ ಓಣಿಯ ನಾನು, ಹೀಗೆ ನಾಲ್ಕು ಜನ ಇದ್ದೆವು. ರಜೆಗೆ ಬಂದಿದ್ದ ಜಾಫರಸಾಬ ಹೊಸ ಡ್ರಿಲ್ಲು ಹಿಡಿದು ನಿಂತ.

“ಎಲ್ಲಿ ಕೊರೀಲಿ ಹೇಳ ಅಕ್ಕಾ. ಫುಲ್ ಚಾರ್ಜ್ ಐತಿ.”

“ಬ್ಯಾಡೋ ತಮ್ಮಾ. ಅವರ ಕೊರದದ್ದು ಒಂದೈತಿ, ಸಾಕು,” ಎಂದಳು ಗುರುಲಿಂಗವ್ವ.

ದುರ್ಗಪ್ಪ ಪಕ್ಕದ ಸಂದಿಗೆ ಒಂದು ಗೂಟ ಬಡಿದ. ಮಾವ ಅತ್ತ ಸರಿದ. ಅಳಿಯ ಸೌಟಿಗೆ ಬಂದ. ಧೂಳು ಮೆತ್ತಿಕೊಂಡಿರದ ಮೀಸೆಯಲ್ಲಿ ಅವನು ಯಾರೋ ಬೇರೆಯವರಂತೆ ಕಾಣುತ್ತಿದ್ದ. ಗುರುಲಿಂಗವ್ವ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು. ಸಾರಿನ ಪಾತ್ರೆಯ ಮುಚ್ಚಳ ತೆಗೆದ ಸಪ್ಪಳ ಬಂತು. ಗೋಡೆಯ ಮೇಲಿನ ಫೋಟೋ ಒಂದಿಷ್ಟು ಅಲುಗಿ ನಿಂತಿತು. ಮಾಡದೊಳಗಿನ ಸೌಟಿಗೆ ಕೈ ಹಾಕಿ ಹಾಗೇ ನಿಂತಿದ್ದಳೆಂದು ಕಾಣುತ್ತದೆ.

“ದುರ್ಗಪ್ಪಣ್ಣಾ,” ಎಂದಳು ಅಲ್ಲಿಂದಲೇ, “ಪ್ಯಾಟಿಗೆ ಹೋದಾಗ ಒಂದು ಸೌಟು ತಗೊಂಬಾ. ಇವರನ್ನ ಹಿಡ್ಯಾಕ ಇವರೇ ಬೇಕಾಗಿತ್ತು.”